ಗುತ್ತೆವ್ವನ ಕೈಗುಣ

ಹಿರೇಬೆಂಡಿಗೇರಿಯಲ್ಲಿ ಗುತ್ತೆವ್ವನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಮೂವತ್ತು ವರ್ಷದಿಂದ ಊರಿನ ಸೂಲಗಿತ್ತಿ ಅವಳೇ. ಅಡ್ಡ ನಿಂತ ಕೂಸನ್ನು ತಿರುಗಿಸಿ ತೆಗೆಯುವಳು, ಬಸವಳಿದ ಹೆಣ್ಣನ್ನು ಬೈದು ಎಬ್ಬಿಸುವಳು. ಹಾಗೆಂದು ಯಾರೂ ಅವಳನ್ನು ನಡುಮನೆಯಲ್ಲಿ ಕೂಡಿಸುತ್ತಿರಲಿಲ್ಲ. ಹೆರಿಗೆಯ ದಿನ ಅವ್ವ, ಮರುದಿನ ಮತ್ತೆ ಅಂಗಳದವಳು. ಅದು ಅವಳಿಗೆ ರೂಢಿಯಾಗಿತ್ತು.

ಹೊಕ್ಕುಳಬಳ್ಳಿ ಕೊಯ್ಯಲು ಆಯಾ ಮನೆಯದೇ ಕುಡುಗೋಲು, ಕೊಯ್ದ ಮೇಲೆ ಹಚ್ಚಲು ಒಲೆಯೊಳಗಿನ ಕುಳ್ಳಿನ ಬೂದಿ. ಅವಳ ಅತ್ತೆ ಕಲಿಸಿದ್ದು ಹಾಗೆ. ಕೆಲವು ಕೂಸುಗಳು ಎಂಟನೆಯ ದಿನದ ಹೊತ್ತಿಗೆ ಮೊಲೆ ಬಿಟ್ಟು, ದವಡೆ ಕಚ್ಚಿ, ಬಿಲ್ಲಿನಂತೆ ಸೆಟೆದು ಹೋಗುತ್ತಿದ್ದವು. ಐದನೆಯ ದಿನ ಸೆಟವಿ ತಾಯಿ ಬಂದು ಹಣೆಬರಹ ಬರೆಯುತ್ತಾಳೆ, ಬರೆದದ್ದನ್ನು ಅಳಿಸುವವರು ಯಾರು? ಊರಿಗೂ ಗುತ್ತೆವ್ವನಿಗೂ ಆ ಮಾತು ಸಾಕಾಗಿತ್ತು.

ಅದನ್ನು ಕೆಡಿಸಿದವಳು ಸುಶೀಲವ್ವ. ಶಿಗ್ಗಾಂವಿಯ ಸಣ್ಣ ಪ್ರಾರ್ಥನಾಮಂದಿರದಲ್ಲಿ ಇದ್ದುಕೊಂಡು, ಹಳ್ಳಿ ತಿರುಗಿ ಯೇಸುವಿನ ಮಾತು ಹೇಳುವ ಹೆಂಗಸು. ಮಿಶನ್ನಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸವನ್ನೂ ಕಲಿತಿದ್ದಳು. ಮೂವತ್ತೆಂಟನೆಯ ಇಸ್ವಿಯ ಬೇಸಿಗೆಯಲ್ಲಿ ಅವಳು ಗುತ್ತೆವ್ವನ ಬಾಗಿಲಿಗೆ ಬಂದು, "ಒಳಗ ಬರ್ಲ್ಯಾ ಗುತ್ತೆವ್ವಾರ? ನೀವು ಕುಂದರ್ರಿ, ಏಳಬ್ಯಾಡ್ರಿ" ಅಂದಳು. ಹೀಗೆ ಮರ್ಯಾದೆ ಕೊಟ್ಟು ಕರೆದದ್ದನ್ನು ಗುತ್ತೆವ್ವ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳ ಮಾತಿಗೆ ಕಿವಿಗೊಟ್ಟದ್ದು ಅದಕ್ಕೇ ಹೊರತು ದೇವರ ಸಲುವಾಗಿ ಅಲ್ಲ.

ಪ್ರತಿ ಬುಧವಾರ ಯೇಸುವಿನ ಕಥೆ ಬಂತು, ಅದರ ಬೆನ್ನಿಗೆ ಸಾಬೂನೂ ಬಂತು. ಕತ್ತರಿ ಕುದಿಸಬೇಕು, ಹೊಕ್ಕುಳಿಗೆ ಬೂದಿ ಹಚ್ಚಲೇಬಾರದು, ಕೂಸು ಸೆಟೆದು ಸಾಯುವುದು ಅದರಿಂದಲೇ ಎಂದು ಸುಶೀಲವ್ವ ಒಂದು ದಿನ ಪಾಠ ಒಪ್ಪಿಸಿದಂತೆ ಹೇಳಿದಳು. ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ ಗುತ್ತೆವ್ವ ಅಂದು ಹೂಂ ಅನ್ನಲಿಲ್ಲ.

"ಅಕ್ಕಾರ, ಹಂಗಾರ ಸೆಟವಿ ಒಯ್ದದ್ದಲ್ಲೇನ್ರಿ? ನಾ ಕೊಂದದ್ದೇನು?"

ಸುಶೀಲವ್ವನಿಗೆ ಆಗ ತನ್ನ ಮಾತಿನ ಭಾರ ತಿಳಿಯಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬೂದಿಯಿಂದನ ಹೋದುವು ಗುತ್ತೆವ್ವಾರ. ನೀವು ಬೇಕಂತ ಮಾಡಿಲ್ಲ. ತಿಳೀಲಾರ್ದ ಮಾಡಿದವರ ಸಲುವಾಗಿನೂ ಯೇಸುಸ್ವಾಮಿ ಶಿಲುಬಿ ಮ್ಯಾಲಿಂದ ಕ್ಷಮಾ ಬೇಡ್ಯಾನ."

"ಅವ ಬೇಡ್ಯಾನ ಖರೆ. ಕೊಡಾಕ ಹಡದಾಕಿ ಬ್ಯಾಡೇನ್ರಿ?"

 ಸುಶೀಲವ್ವ ಗುತ್ತೆವ್ವನ ಕೈ ಹಿಡಿದುಕೊಂಡಳು.

ಅಂದಿನಿಂದ ಗುತ್ತೆವ್ವ ಹೆರಿಗೆಗೆ ಹೋಗುವುದನ್ನು ಬಿಟ್ಟಳು. ಊರವರು ಪಕ್ಕದೂರಿನ ಸೂಲಗಿತ್ತಿಯನ್ನು ಕರೆಸುವಂತಾಯಿತು. ಹಾಗೆ ಸೆಟೆದು ಹೋದ ಹನ್ನೊಂದು ಕೂಸುಗಳು ಗುತ್ತೆವ್ವನಿಗೆ ನೆನಪಿದ್ದವು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದವಾದ್ದರಿಂದ ಅವಕ್ಕೆ ಹೆಸರಿಲ್ಲ; ತಾಯಂದಿರ ಹೆಸರಿನಿಂದಲೇ ನೆನೆಯಬೇಕು. ಕೊನೆಯದು ಅಡಿವೆವ್ವನದು, ಅದೇ ವರ್ಷದ ಯುಗಾದಿಯ ಹೊತ್ತಿನದು. ಸುಶೀಲವ್ವ ಯೇಸುವಿನ ಮತಕ್ಕೆ ಸೇರುವ ದೀಕ್ಷಾಸ್ನಾನದ ಮಾತೆತ್ತಿದರೆ ಗುತ್ತೆವ್ವ, "ಈ ಕೈಗೆ ಆ ನೀರು ಬ್ಯಾಡ್ರಿ" ಅನ್ನುವಳು. ಯೇಸು ಒಳ್ಳೆಯವನು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅನುಮಾನವೆಲ್ಲ ತನ್ನ ಮೇಲೆಯೇ.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಅಡಿವೆವ್ವನ ಅತ್ತೆ ಭರಮವ್ವ ಏದುಸಿರು ಬಿಡುತ್ತ ಬಂದಳು. ಸೊಸೆಗೆ ಮತ್ತೆ ದಿನ ತುಂಬಿ ಬೇನೆ ಸುರುವಾಗಿತ್ತು. ಪಕ್ಕದೂರಿನವಳು ಬರುವಷ್ಟು ಹೊತ್ತಿರಲಿಲ್ಲ.

"ನಾ ಬರೂದಿಲ್ಲ" ಎಂದಳು ಗುತ್ತೆವ್ವ.

"ಹೋದ ಸಲದ್ದು ಮನಸಿನ್ಯಾಗ ಇಟಗೊಂಡಿಯೇನು? ಸೆಟವಿ ಬರದದ್ದು ಹಂಗಿತ್ತು, ನಿಂದೇನ ತಪ್ಪು? ಏಳ, ನಡಿ."

ಕೇಳದೇ ಸಿಕ್ಕ ಈ ಮಾಫಿಯೇ ಗುತ್ತೆವ್ವನಿಗೆ ಮುಳ್ಳಾಯಿತು. ಬಾಯಿ ಮುಚ್ಚಿಕೊಂಡು ಹೋದರೆ ಕೆಲಸವೂ ಆಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅವಳು ಸುಶೀಲವ್ವ ಕೊಟ್ಟ ಕತ್ತರಿ, ಸಾಬೂನು ತೆಗೆದುಕೊಂಡು ಎದ್ದಳು. ನನ್ನ ಬಾಯಿ ಬಿಡಿಸಪ್ಪಾ ಎಂದು ದಾರಿಯುದ್ದಕ್ಕೂ ಯೇಸುವನ್ನು ಬೇಡಿಕೊಂಡಳು.

ಅಡಿವೆವ್ವ ಜಂತಿಯ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು. ಗುತ್ತೆವ್ವ ಅಂಗಳದ ಒಲೆಯ ಮೇಲೆ ನೀರಿಟ್ಟು, ಕತ್ತರಿ ಅದರಲ್ಲಿ ಹಾಕಿ, ಹೊಸ್ತಿಲ ಹೊರಗೇ ನಿಂತಳು.

"ಅಡಿವೆವ್ವಾ, ನಿನ್ನ ಕೂಸನ್ನ ಸೆಟವಿ ಒಯ್ಯಲಿಲ್ಲ. ನಾ ಹಚ್ಚಿದ ಬೂದಿಯಿಂದ ಹೋತು. ಆವಾಗ ನನಗ ಗೊತ್ತಿರಲಿಲ್ಲ, ಈಗ ಗೊತ್ತಾಗೇತಿ. ನೀ ಬ್ಯಾಡಂದ್ರ ಇಲ್ಲಿಂದನ ಹೋಗತೇನಿ."

"ಎಂಥಾ ಹೊತ್ತಿನ್ಯಾಗ ಎಂಥಾ ಮಾತು ತಗದಿಯಬೇ!" ಎಂದು ಭರಮವ್ವ ಚೀರಿದಳು.

ಅಡಿವೆವ್ವನಿಗೆ ಒಂದು ಬೇನೆ ಬಂತು, ಹೋಯಿತು. ಆಮೇಲೆ ಅವಳು ಅತ್ತಳು. ಒಂದು ವರ್ಷದಿಂದ ಅವಳು ತನ್ನ ಹಣೆಯನ್ನೇ ಬೈದುಕೊಂಡಿದ್ದಳು. ಅತ್ತು ಮುಗಿಸಿ, ತಲೆಯೆತ್ತಿ ಗುತ್ತೆವ್ವನನ್ನು ನೋಡಿದಳು.

"ಈಗ ಖರೇನ ಗೊತ್ತಾಗೇತೇನು?"

"ಗೊತ್ತಾಗೇತಿ."

"ಹಂಗಾರ ಕೈ ತೊಳಕೊಂಡು ಒಳಗ ಬಾ."

ಗುತ್ತೆವ್ವ ಮೊಳಕೈವರೆಗೆ ಸಾಬೂನು ಹಚ್ಚಿ, ಅಳುತ್ತಲೇ ತೊಳೆದಳು. ಬೇಸಿಗೆಯಿಂದ ಸುಶೀಲವ್ವ ಹೇಳುತ್ತ ಬಂದ ಕ್ಷಮೆ ಈಗ, ಆ ದೇವರ ಹೆಸರೇ ಅರಿಯದ ಒಬ್ಬಳ ಬಾಯಿಂದ ಬಂದು ಅವಳಿಗೆ ಮುಟ್ಟಿತು. "ಯೇಸಪ್ಪಾ" ಎಂದಳು, ಗಟ್ಟಿಯಾಗಿಯೇ.

"ಯಾರನ್ನ ಕರ್ಯಾಕತ್ತಿ? ನಮ್ಮ ದ್ಯಾಮವ್ವ ಇಲ್ಲೇನು?" ಎಂದಳು ಭರಮವ್ವ.

"ಯಾರನ್ನರ ಕರೀಲಿ ಬಿಡ್ರಿ ಅತ್ತಿ, ಮೊದಲ ಒಳಗ ಬರಲಿ" ಎಂದು ಅಡಿವೆವ್ವ ಹಲ್ಲು ಕಚ್ಚಿದಳು.

ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಹೊಕ್ಕುಳಿಗೆ ಕುದಿಸಿ ಒಣಗಿಸಿದ ಅರಿವೆ, ಬೇರೇನೂ ಇಲ್ಲ. ಬೂದಿಯಿಲ್ಲದೆ ಹೇಗೆ ಮಾಯುತ್ತದೆ ಎಂದು ಭರಮವ್ವ ಗೊಣಗಿದಳು.

ಮೂರನೆಯ ದಿನ ಗುತ್ತೆವ್ವ ಶಿಗ್ಗಾಂವಿಗೆ ನಡೆದುಹೋಗಿ, ಬರುವ ಆಯ್ತಾರವೇ ತನಗೆ ದೀಕ್ಷಾಸ್ನಾನ ಕೊಡಿಸಬೇಕೆಂದು ಸುಶೀಲವ್ವನನ್ನು ಕೇಳಿದಳು. ಸುಶೀಲವ್ವ ಸಂತೋಷಪಟ್ಟಳು, ಕೂಸು ಉಳಿಯದಿದ್ದರೆ ಎಂದು ಹೆದರಿದಳು ಕೂಡ.

"ಕೂಸಿಗೆ ಎಂಟು ದಿನ ಇನ್ನೂ ತುಂಬಿಲ್ಲಲ್ರಿ, ಗುತ್ತೆವ್ವಾರ. ಅಲ್ಲೀತನಕ ಕಾಯೂಣೇನು?"

"ಕೂಸಿಗೆ ಕಾಯಬೇಕ್ರಿ ಅಕ್ಕಾರ" ಎಂದಳು ಗುತ್ತೆವ್ವ. "ನನಗ್ಯಾಕ ಕಾಯೂದು?"