ಅಕ್ಕನ ಹೆಪ್ಪು

ಆ ಮನೆಯಲ್ಲಿ ಅವಳಿಗೆ ಸೀಕಲು ಎಂಬ ಹೆಸರು ಬಿದ್ದದ್ದು ಬಂದ ಮೂರನೆಯ ದಿನ. ಅನ್ನ ತಳ ಹಿಡಿದು, ಹೊಗೆಗೆ ಕೂಗುವ ಗಂಟೆ ಕೂಗಿ, ನಾಲ್ಕು ಮಹಡಿಯ ವಿದ್ಯಾರ್ಥಿಗಳೆಲ್ಲ ಉಟ್ಟ ಬಟ್ಟೆಯಲ್ಲೇ ಬೀದಿಗೆ ಇಳಿದಿದ್ದರು. ಊರಿನಲ್ಲಿ ಹಾಲು ಉಕ್ಕಿದರೂ "ಅಮ್ಮಾ" ಎಂದು ಕೂಗುತ್ತಿದ್ದ ಹುಡುಗಿ ಪರದೇಶಕ್ಕೆ ಓದಲು ಬಂದು ಒಲೆ ಹಚ್ಚಿದರೆ ಇನ್ನೇನಾದೀತು? ಮುಂದಿನ ವಾರ ಸಾರಿಗೆ ಉಪ್ಪೆಂದು ಸಕ್ಕರೆ ಸುರಿದಳು. ಅವಳ ಚಪಾತಿಯನ್ನು ಗಣಿತಮ್ಮ ಬಾಗಿಲಿಗೆ ಅಡ್ಡ ಇಟ್ಟು, "ಗಾಳಿಗೆ ಹಾಕ್ಕೊಳ್ಳಲ್ಲ ನೋಡ್ರೇ" ಎಂದು ತೋರಿಸಿದಳು.

ಗಣಿತಮ್ಮ ಎಂದರೆ ಗಣಿತ ಓದುವವಳು, ಪಕ್ಕದ ಕೋಣೆಯವಳು. ಆ ಅಡುಗೆಮನೆಯ ಮೂರನೆಯವಳು ಅಕ್ಕ. ಐದು ವರ್ಷದಿಂದ ಸಂಶೋಧನೆ ಮಾಡುತ್ತಾ ಅಲ್ಲೇ ಇದ್ದವಳು. ಸೀಕಲು ಏನು ಕೆಡಿಸಿದರೂ ಅಕ್ಕ ನಗುತ್ತಿದ್ದಳು, ಸೀದ ಪಾತ್ರೆಯನ್ನು ತಾನೇ ಉಜ್ಜುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳಲ್ಲಿ ತಮಾಷೆ ಇರಲಿಲ್ಲ, ಅದು ಮೊಸರು.

ಅಕ್ಕ ಊರು ಬಿಡುವಾಗ ಅವಳ ಅಮ್ಮ ಬಿಳಿ ಬಟ್ಟೆಯೊಂದನ್ನು ಮನೆಯ ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಮಡಿಸಿ ಕೊಟ್ಟಿದ್ದರು. ಇಲ್ಲಿಗೆ ಬಂದು ಅದರ ಚೂರನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದ್ದೇ ಮೊದಲ ಹೆಪ್ಪು. ಅಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ದಿನವೂ ಎರಡು ಚಮಚ ಮೊಸರು ಸ್ಟೀಲಿನ ಪುಟ್ಟ ಡಬ್ಬಿಗೆ ಹೋಗಬೇಕು, ಅದರಿಂದ ನಾಳೆಯದು ಆಗಬೇಕು. ಎರಡು ವರ್ಷವಾದ ಮೇಲೆ ಆ ಅಮ್ಮ ತೀರಿಕೊಂಡರು. ಸಾವಿನ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ನೆನಪು ಯಾರಿಗಿರುತ್ತದೆ? ಊರಿನ ಮೊಸರಿನ ಎಳೆ ಅಲ್ಲಿಗೆ ಕಡಿಯಿತು.

"ಅಮ್ಮನ ಕೈಯದ್ದು ಅಂತ ಉಳಿದಿರೋದು ಇದೊಂದೇ ಕಣೇ," ಎಂದು ಅಕ್ಕ ಒಮ್ಮೆ ಹೇಳಿದ್ದಳು. "ಅಪ್ಪ ಅಂಗಡಿ ಮೊಸರು ಮುಟ್ಟಲ್ಲ. ಮೂರು ವರ್ಷದಿಂದ ಸಾರನ್ನಕ್ಕೇ ಕೈ ತೊಳೀತಾರೆ."

ಇಷ್ಟು ತಿಳಿದಿದ್ದೂ ಸೀಕಲು ಅದನ್ನು ಕೊಂದಳು. ಅಕ್ಕ ಹತ್ತು ದಿನ ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿದ್ದಳು. ಗಣಿತಮ್ಮ ಪರೀಕ್ಷೆಯೆಂದು ಗ್ರಂಥಾಲಯದಲ್ಲೇ ಬಿದ್ದಿದ್ದಳು. ಹೆಪ್ಪಿನ ಭಾರ ಸೀಕಲಿನ ಮೇಲೆ. ಆರನೆಯ ದಿನ ಮಧ್ಯಾಹ್ನ ಫಲಿತಾಂಶ ಬಂತು, ಒಂದು ವಿಷಯ ಹೋಗಿತ್ತು. ಅಳುತ್ತಾ ಮನೆಗೆ ಬಂದು ಅನ್ನ ಮಾಡಿದಳು. ಅಂದೇ ಅದು ಮೊದಲ ಸಲ ಮಲ್ಲಿಗೆಯಂತೆ ಅರಳಿತು! ಪಾತ್ರೆಯ ಮೊಸರು ಸಾಲಲಿಲ್ಲ. ಡಬ್ಬಿಯದನ್ನೂ ಸುರಿದುಕೊಂಡು, ಒಲೆಯ ಪಕ್ಕ ನಿಂತೇ ತಿಂದಳು. ಅಂಚಿನಲ್ಲಿ ಒಂದಿಷ್ಟು ಅಂಟಿದೆಯಲ್ಲ, ಹೆಪ್ಪಿಗೆ ಅಷ್ಟು ಸಾಕು ಎಂದುಕೊಂಡಳು. ಸಾಕಾಗುತ್ತಿತ್ತೋ ಏನೋ. ಆದರೆ ಹಾಲಿಗೆ ಬೆರಳು ಅದ್ದಿ ನೋಡುವ ವ್ಯವಧಾನ ಅವಳಿಗಿರಲಿಲ್ಲ. ಕುದಿಯುವ ಹಾಲನ್ನೇ ಡಬ್ಬಿಗೆ ಹೊಯ್ದಳು.

ಮರುದಿನ ಹಾಲು ಹಾಲಾಗಿಯೇ ಇತ್ತು. ಒಣಮೆಣಸಿನಕಾಯಿಯ ತೊಟ್ಟು ಹಾಕಿ ಸ್ವೆಟರು ಸುತ್ತಿಟ್ಟಳು. ಅದೂ ಹಿಡಿಯಲಿಲ್ಲ. ಕೊನೆಗೆ ಮೂಲೆ ಅಂಗಡಿಯಿಂದ ಮೊಸರು ತಂದು ಡಬ್ಬಿಗೆ ತುಂಬಿ, ಖಾಲಿ ಪೊಟ್ಟಣವನ್ನು ಮನೆಯ ಕಸದ ಬುಟ್ಟಿಗೂ ಹಾಕದೆ ಬಸ್ ನಿಲ್ದಾಣದ ತನಕ ನಡೆದು ಎಸೆದು ಬಂದಳು. ತಪ್ಪಿಗೆ ಇಷ್ಟು ಶ್ರದ್ಧೆ! ಓದಿಗೆ ಅದರ ಅರ್ಧ ಇದ್ದಿದ್ದರೆ ಪಾಸಾಗುತ್ತಿದ್ದಳು.

ಅಕ್ಕ ಬಂದವಳೇ ಒಂದು ತುತ್ತು ಉಂಡು, "ಅಬ್ಬಾ, ಗಟ್ಟಿಯಾಗಿ ಆಗಿದೆ. ಕಲಿತುಬಿಟ್ಟೆ ಕಣೇ ನೀನು," ಎಂದು ಅವಳ ತಲೆ ಸವರಿದಳು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಸೀಕಲಿಗೆ ಒರೆಸಲು ಮೇಕೆಯೂ ಬೇಕಾಗಲಿಲ್ಲ, ಹೊಗಳಿಕೆಯೇ ಸಿಕ್ಕಿತು. ಆ ಹೊಗಳಿಕೆ ಬಿಸಿ ತುಪ್ಪವಾಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ನಾಲ್ಕು ತಿಂಗಳು ಕಳೆದಳು. ಮೊಸರು ಮಾತ್ರ ಕಲಸಿಕೊಳ್ಳುತ್ತಿರಲಿಲ್ಲ. ಶೀತ ಎನ್ನುತ್ತಿದ್ದಳು.

ಅಕ್ಕನ ಓದು ಮುಗಿಯಿತು. ಹೊರಡುವ ಹಿಂದಿನ ದಿನ ಬಿಳಿ ಬಟ್ಟೆಯನ್ನು ಮೊಸರಿನಲ್ಲಿ ಅದ್ದಿ ಕಿಟಕಿಯ ಬಳಿ ಹರವಿದಳು. ಫೋನಿನಲ್ಲಿ ಅಪ್ಪನಿಗೆ, "ಅಮ್ಮನ ಹೆಪ್ಪು ತರ್ತಾ ಇದೀನಪ್ಪಾ, ಹಾಲು ತರಿಸಿಡಿ," ಎಂದಳು. ತರಕಾರಿ ಹೆಚ್ಚುತ್ತಿದ್ದ ಸೀಕಲಿನ ಕೈ ನಿಂತಿತು.

ಮರುದಿನ ಟ್ಯಾಕ್ಸಿ ಕೆಳಗೆ ಬಂದು ನಿಂತಾಗ ಅವಳು ತಡೆಯಲಾರದೆ ಹೇಳಿಬಿಟ್ಟಳು. ಫಲಿತಾಂಶ, ಕುದಿಯುವ ಹಾಲು, ಅಂಗಡಿ, ಎಲ್ಲವನ್ನೂ. ಅಕ್ಕ ಬಟ್ಟೆಯನ್ನು ಮಡಿಸುತ್ತಿದ್ದವಳು ಅದನ್ನೇ ನೋಡುತ್ತಾ ನಿಂತಳು.

"ನಾಲ್ಕು ತಿಂಗಳು," ಎಂದಳು. ಬಟ್ಟೆಯ ಕೊನೆಯ ಮಡಿಕೆ ಹಾಕಿ, "ನಿಂಗೆ ಹಗುರಾಯ್ತಾ?" ಎಂದಳು.

"ಕ್ಷಮಿಸಿ ಅಕ್ಕ, ನಿಮಗೆ ಸುಳ್ಳು ಹೇಳಿ ಕಳಿಸಬಾರದು ಅಂತ..."

"ನಿನ್ನೆ ಹೇಳಿದ್ರೆ ಅಪ್ಪಂಗೆ ಫೋನ್ ಮಾಡ್ತಾನೇ ಇರಲಿಲ್ಲ. ಈಗ ಅವರು ಹಾಲು ತರಿಸಿಟ್ಟು ಕಾಯ್ತಿದ್ದಾರೆ. ಆ ಸುಳ್ಳು ಇನ್ನು ನಾನು ಹೇಳಬೇಕು." ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಅಕ್ಕ ಮೆಟ್ಟಿಲಿಳಿದಳು. ಪೆಟ್ಟಿಗೆ ಹಿಡಿಯಲು ಸೀಕಲು ಕೈ ಚಾಚಿದಳು, ಅಕ್ಕ ಕೊಡಲಿಲ್ಲ.

ವಾರದ ಮೇಲೆ ಅಕ್ಕನ ನಂಬರಿನಿಂದ ಫೋನ್ ಬಂತು. ಸೀಕಲು ಎತ್ತಿದರೆ ಹಿರಿಯರೊಬ್ಬರ ದನಿ.

"ನಾನು ಅವಳ ಅಪ್ಪ ಕಣಮ್ಮ. ಫೋನ್ ಕೊಡು ಕೊಡು ಅಂತ ನಾನೇ ಕಿತ್ಕೊಂಡೆ. ಈಗ ತಾನೇ ಊಟ ಆಯ್ತು. ಮೂರು ವರ್ಷ ಆಗಿತ್ತು ನೋಡು, ಇವತ್ತು ಎರಡು ಸಲ ಹಾಕಿಸ್ಕೊಂಡೆ. ಅದೇ ರುಚಿ, ಇವಳಮ್ಮನ ಕೈಯದ್ದೇ! ಇವಳು ಇಲ್ಲದಾಗ ನೀನೇ ಕಾಪಾಡಿದ್ದೆಯಂತೆ. ನೀನು ಚೆನ್ನಾಗಿರಬೇಕಮ್ಮ."

ಸೀಕಲು ಏನಾದರೂ ಕೇಳಬೇಕಲ್ಲ ಎಂದು, "ಅಕ್ಕ ಊಟ ಮಾಡಿದ್ರಾ ಅಂಕಲ್?" ಎಂದಳು.

"ಮಾಡಿದ್ಲು. ಮೊಸರು ಮಾತ್ರ ಬೇಡವಂತೆ. ಬಂದಾಗಿಂದ ಮುಟ್ಟಿಲ್ಲ, ಎಲ್ಲಾ ನಿಮಗೇ ಇರಲಿ ಅಪ್ಪ ಅಂತಾಳೆ." ಮುದುಕರು ಖುಷಿಯಿಂದ ನಕ್ಕರು. "ಥೇಟ್ ಅವರಮ್ಮನ ಹಾಗೇ ಕಣಮ್ಮ. ತಾನು ತಿನ್ನದೆ ನನಗೆ ಉಳಿಸೋದು."

"ಹೂಂ ಅಂಕಲ್," ಎಂದಳು ಸೀಕಲು.