ದೂರಿಲ್ಲದ ಕೋಣೆ

ಕಿಟಕಿಯ ಗಾಜಿನ ಚೂರುಗಳನ್ನು ಚಂದ್ರಬಾಯಿ ಆಗಲೇ ಗುಡಿಸಿ ಮೂಲೆಗೆ ತಳ್ಳಿದ್ದಳು. ಹರಿಣಾಕ್ಷಿ ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಾಗ, ಬಿಡಬೇಡ, ಕಾಲಿಗೆ ಚುಚ್ಚೀತು ಎಂದು ಮರಾಠಿಯಲ್ಲಿ ತಡೆದಳು. ಒಳಗೆ ಅಪ್ಪಾಸಾಹೇಬ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದ. ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದ. ಮದುವೆಗೆ ಹೊರಟು ಬಸ್ಸಿಗೆ ಕಾಯುವವನ ಹಾಗೆ ಕಾಣುತ್ತಿದ್ದ.

ಗಾಜು ಹೇಗೆ ಒಡೆಯಿತೆಂದು ಅವಳು ಕೇಳಿದ್ದಕ್ಕೆ ಹುಡುಗರ ಚೆಂಡು ಬಿತ್ತು ಎಂದ. ಯಾವ ಹುಡುಗರು ಎಂದರೆ ಓಣಿಯ ಕಡೆ ಕೈ ತೋರಿಸಿದ. ಓಣಿಯಲ್ಲಿ ಆ ಹೊತ್ತಿಗೆ ಒಂದು ಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

ಚಂದ್ರಬಾಯಿ ಅವಳನ್ನು ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಕರೆದಳು. ಸೀವುಡ್ಸ್ ಸ್ಟೇಷನ್ನಿನಿಂದ ಕಾಲುನಡಿಗೆಯ ದೂರದಲ್ಲಿದ್ದ ಕರಾವೆ ಹಳ್ಳಿಯಲ್ಲಿ ಅವಳದು ಗಂಡ ಬಿಟ್ಟುಹೋದ ಮನೆ, ಅದಕ್ಕೆ ಹೊಂದಿಕೊಂಡು ಬಾಡಿಗೆಯ ಮೂರು ಕೋಣೆ. ಬೆಳಿಗ್ಗೆ ಮಳೆ ಬಿಟ್ಟ ಬಿಸಿಲಿಗೆ ತಾನು ಮೀನು ಒಣಹಾಕುತ್ತಿದ್ದಾಗ ಕಣ್ಣಾರೆ ಕಂಡೆ ಎಂದಳು. ಮುದುಕ ಕೈಗೆ ಟವೆಲು ಸುತ್ತಿಕೊಂಡು ತಾನೇ ಗಾಜಿಗೆ ಗುದ್ದಿದ. ಆಮೇಲೆ ಬಂದು, ಗಾಜು ಒಡೆದಿದೆ, ಹರಿಣಾಕ್ಷಿ ಬಾಯಿಗೆ ಫೋನ್ ಮಾಡು ಅಂದ. ತಾನು ಫೋನ್ ಮಾಡಿ ಬರುವಷ್ಟರಲ್ಲಿ ಕನ್ನಡಿ ಹಿಡಿದು ಕ್ಷೌರಕ್ಕೆ ಕೂತಿದ್ದ. ಇಂಥ ತಲೆಕೆಟ್ಟವನನ್ನು ನನ್ನ ಮನೆಯಲ್ಲಿ ಯಾಕೆ ಇಟ್ಟೆ ಎಂದು ಕೇಳಿದಳು.

ಹರಿಣಾಕ್ಷಿ ಡ್ರಮ್ಮಿನ ಮುಚ್ಚಳದ ಮೇಲೆ ಕೈಯಿಟ್ಟು ಹಿಂದಿನ ದೂರುಗಳನ್ನು ನೆನೆಯುತ್ತಿದ್ದಳು. ಬೇಸಿಗೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕಾಗಿ ಪಕ್ಕದ ಕೋಣೆಯವನೊಡನೆ ಜಗಳ. ಕಳೆದ ಚಳಿಗಾಲದಲ್ಲಿ ನಳ ತೆರೆದಿಟ್ಟು ಹೋಗಿ ಅಂಗಳವೆಲ್ಲ ನೀರು. ಎರಡು ಸಲವೂ ಇನ್ನು ವಾರವಾರ ನಾನು ಬರಬೇಕಾಗುವುದಿಲ್ಲವೆಂದು ಅವಳು ಅವನಿಗೆ ಹೇಳಿದ ಮೇಲೆಯೇ ದೂರು ಬಂದದ್ದು. ಈ ಸಲವೂ ಹೋದ ಗುರುವಾರ ತಾನೇ ನಗುತ್ತ ಹೇಳಿ ಹೋಗಿದ್ದಳು.

ಠಾಣೆ ನಗರದಲ್ಲಿದ್ದ ಅವಳ ಸಂಸ್ಥೆ ನೆಲೆ ಕಳೆದುಕೊಂಡ ಮಾಜಿ ಸೈನಿಕರಿಗೆ ಕೋಣೆ ಹುಡುಕಿಕೊಡುತ್ತಿತ್ತು. ಕೋಣೆ ಹುಡುಕುವುದಕ್ಕಿಂತ ಅದರಲ್ಲಿ ಅವರು ನಿಲ್ಲುವಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಕೆಲವರು ಕುಡಿದು ಹೊರಬೀಳುತ್ತಿದ್ದರು, ಕೆಲವರು ನಾಲ್ಕು ಗೋಡೆಯ ನಡುವೆ ಉಸಿರು ಕಟ್ಟುತ್ತದೆಂದು ಪ್ಲಾಟ್‌ಫಾರ್ಮಿಗೆ ಮರಳುತ್ತಿದ್ದರು. ಅದಕ್ಕಾಗಿ ವಾರದ ಭೇಟಿ. ಮೂರು ತಿಂಗಳು ಯಾವ ದೂರೂ ಬಾರದಿದ್ದರೆ ಆ ಮನುಷ್ಯ ನೆಲೆಗೊಂಡನೆಂದು ಲೆಕ್ಕ, ಭೇಟಿ ನಿಲ್ಲುತ್ತಿತ್ತು.

ಅಪ್ಪಾಸಾಹೇಬ ಅವಳಿಗೆ ಸಿಕ್ಕಿದ್ದು ತುರ್ಭೆಯ ಸೇತುವೆಯ ಕೆಳಗೆ, ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ. ಬೆಳಗಾವಿ ಕಡೆಯವನು. ಹೆಂಡತಿ ಹೆರಿಗೆಯಲ್ಲಿ ಸತ್ತಳೆಂದು ಊರಿಗೆ ಬಂದವನು ರಜೆ ಮುಗಿದರೂ ಪಲ್ಟನ್ನಿಗೆ ಮರಳಲಿಲ್ಲ. ಕೊನೆಗೆ ಸೈನ್ಯ ಪಿಂಚಣಿಯಿಲ್ಲದೆ ಮನೆಗೆ ಕಳಿಸಿತು. ತುರ್ಭೆಯ ಕಾರ್ಖಾನೆಯೊಂದರಲ್ಲಿ ಕಾವಲುಗಾರನಾಗಿ ಗೇಟಿನ ಕ್ಯಾಬಿನ್ನಿನಲ್ಲೇ ಇಪ್ಪತ್ತು ವರ್ಷ ಬಾಳಿದ. ಕಾರ್ಖಾನೆ ಮುಚ್ಚಿದ ದಿನ ಕೆಲಸದ ಜೊತೆಗೆ ಮನೆಯೂ ಹೋಯಿತು. ಈಗ ಬೆಳಗಿನ ಹೊತ್ತು ಖಾರಘರದ ಒಂದು ಶಿಶುವಿಹಾರದ ಗೇಟಿನಲ್ಲಿ ನಿಲ್ಲುತ್ತಿದ್ದ. ಮಧ್ಯಾಹ್ನದ ನಂತರ ಅವನಿಗೆ ಹೋಗಲು ಜಾಗವಿರಲಿಲ್ಲ, ಮಾತಾಡಲು ಜನವಿರಲಿಲ್ಲ.

ಅವಳು ಒಳಗೆ ಹೋಗಿ ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಕೋಣೆಯಲ್ಲಿ ಫಿನಾಯಿಲಿನ ವಾಸನೆಯಿತ್ತು. ಪಾತ್ರೆಗಳು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಂತಿದ್ದವು.

"ಗಾಜು ನೀವೇ ಒಡ್ದದ್ದಲ್ವಾ ಅಪ್ಪಾಸಾಹೇಬ್ರೆ?"

ಅವನು ಬಲಗೈಯನ್ನು ಎಡಗೈಯೊಳಗೆ ಮುಚ್ಚಿಕೊಂಡ. "ಹೌದ್ರಿ ಬಾಯಾರ."

"ಎಂತಕ್ಕೆ?"

ಹೊರಗೆ ಚಂದ್ರಬಾಯಿ ಮೀನನ್ನು ತಿರುವಿ ಹಾಕುವ ಸದ್ದು ಕೇಳುತ್ತಿತ್ತು.

"ಪಲ್ಟನ್‌ದಾಗ ಪಹರೆ ನಿಂತಾಗ ಸಾಹೇಬ್ರು ಒಂದ್ ಸರ್ತಿ ಬಂದ್ ಹೋಗತಿದ್ರು. ಎಲ್ಲಾ ಬರೊಬ್ಬರಿ ಐತೇನು ಅಂತ ಕೇಳತಿದ್ರು. ಐತ್ರಿ ಅಂತಿದ್ದೆ, ಅಷ್ಟ. ಕಾರ್ಖಾನಿದಾಗ ಲಾರಿಯವ್ರು ಬರತಿದ್ರು. ಸೇತುವಿ ಕೆಳಗ ಪೊಲೀಸ ಬಂದು ಬಡಿಗಿಲೆ ಎಬ್ಬಸ್ತಿದ್ದ, ಅವನರ ಬರತಿದ್ದ. ಇಲ್ಲಿ ಬಾಗಲಾ ಹಾಕ್ಕೊಂಡ್ರ ಆತು, ಯಾರೂ ಬರಂಗಿಲ್ಲ." ತಲೆ ತಗ್ಗಿಸಿದ. "ಎಲ್ಲಾ ಬರೊಬ್ಬರಿ ಇದ್ರ ನೀವೂ ಬರಂಗಿಲ್ರಿ."

ಹರಿಣಾಕ್ಷಿಗೆ ಬಾಯಿತನಕ ಮಾತು ಬಂತು. ನಾನು ಬರುತ್ತೇನೆ ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಡೊಂಬಿವಲಿಯಿಂದ ಇಲ್ಲಿಗೆ ಎರಡು ರೈಲು, ಸಂಸ್ಥೆಯಲ್ಲಿ ಕೆಲಸ ಮಾಡುವವರು ಮೂರೇ ಜನ. ಕೊಟ್ಟ ಮಾತು ತಪ್ಪಿದ ಗುರುವಾರಗಳಲ್ಲಿ ಇವನು ಹೀಗೇ ಕ್ಷೌರ ಮಾಡಿಕೊಂಡು ಕೂತಿರುತ್ತಾನೆಂದು ಎನಿಸಿ ಆ ಮಾತನ್ನು ನುಂಗಿಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಂಸ್ಥೆಯ ಮುಖ್ಯಸ್ಥ ರಂಜನ್ ಇನ್ನೊಂದು ದೂರು ಬಂದರೆ ಕೋಣೆ ಬಿಡಿಸುವುದೆಂದು ಬೇಸಿಗೆಯಲ್ಲೇ ತೀರ್ಮಾನಿಸಿದ್ದ. ಅವನು ಕೆಟ್ಟವನಲ್ಲ. ಕಲ್ಯಾಣ ಸ್ಟೇಷನ್ನಿನಲ್ಲಿ ಒಂದು ಕಾಲಿಲ್ಲದ ಹವಾಲ್ದಾರನೊಬ್ಬ ಮಲಗುತ್ತಿದ್ದ, ಇರುವುದು ಇಷ್ಟೇ ಕೋಣೆಗಳು. ಗಾಜನ್ನು ಚೆಂಡು ಒಡೆಯಿತೆಂದೇ ತಾನು ಹೇಳುತ್ತೇನೆ, ಚಂದ್ರಬಾಯಿಯನ್ನೂ ಒಪ್ಪಿಸುತ್ತೇನೆ, ಆದರೆ ಇನ್ನು ಇಂಥದ್ದು ನಡೆಯಬಾರದು ಎಂದಳು. ಮುಂದಿನ ತಿಂಗಳಿಂದ ತಾನು ಬರುವುದಿಲ್ಲವೆಂಬುದನ್ನೂ ಹೇಳಿದಳು.

ಅವನು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ, "ಇನ್ನ ಗುರುವಾರ ಎಲ್ಲಿಗಿ ಹೋಗ್ತೀರಿ?" ಎಂದ.

"ಕಲ್ಯಾಣಕ್ಕೆ."

"ಆ ಕಾಲಿಲ್ಲದವರ ಕಡೆ ಏನ್ರಿ?"

"ಹೌದು. ಅವ್ರಿಗೂ ರೂಮ್ ನೋಡ್ತಾ ಇದ್ದೇವೆ."

"ನೋಡ್ರಿ," ಎಂದ ಅಪ್ಪಾಸಾಹೇಬ. "ಕೆಳಗಿನ ಅಂತಸ್ತಿನ ರೂಮ್ ನೋಡ್ರಿ. ಹತ್ತಾಕ ಆಗಂಗಿಲ್ಲ ಪಾಪ."

ಚಂದ್ರಬಾಯಿಯನ್ನು ಒಪ್ಪಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸ ಗಾಜು ಹಾಕಿಸುವ ಮಾತಾದ ಮೇಲೆ ಅವಳು, ಮುದುಕ ಸಭ್ಯ, ಅದೊಂದು ಇದೆ ಎಂದು ಗೊಣಗಿ ಒಳಗೆ ಹೋದಳು.

ಮುಂದೆ ದೂರು ಬರಲಿಲ್ಲ. ಚೌತಿ ಬಂತು, ನವರಾತ್ರಿ ಬಂತು. ಕರಾವೆಯಿಂದ ಫೋನು ಬಂದೀತೆಂದು ಹರಿಣಾಕ್ಷಿ ಮೊದಮೊದಲು ಕಾಯುತ್ತಿದ್ದಳು. ಬಾರದಿದ್ದಾಗ ಸಮಾಧಾನವಾಗಬೇಕಿತ್ತು, ಆಗುತ್ತಿರಲಿಲ್ಲ. ಸಂಸ್ಥೆಯ ಸಭೆಯಲ್ಲಿ ರಂಜನ್ ನೆಲೆಗೊಂಡವರ ಹೆಸರು ಓದುವಾಗ ಅಪ್ಪಾಸಾಹೇಬನ ಹೆಸರೂ ಇತ್ತು. ಎಲ್ಲರೂ ಅವಳ ಕಡೆ ನೋಡಿ ಮೆಚ್ಚುಗೆಯಿಂದ ನಕ್ಕರು.

ಅವಳ ಗಂಡ ಜಯಶೀಲನಿಗೆ ಅಂಬರ್‌ನಾಥದಲ್ಲಿ ಕ್ಯಾಂಟೀನು. ಅವನು ಬರುವ ಹೊತ್ತಿಗೆ ಅವಳಿಗೆ ನಿದ್ದೆ. ಮಗಳು ಪೂಜಿತಾ ಕಾಲೇಜಿನಿಂದ ಬಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಿದ್ದಳು. ತುಳುವಿನಲ್ಲಿ ಕೇಳಿದ ಪ್ರಶ್ನೆಗೆ ಹಿಂದಿಯಲ್ಲಿ ಒಂದು ಪದದ ಉತ್ತರ ಬರುತ್ತಿತ್ತು. ದೀಪಾವಳಿಯ ಮುಂಚಿನ ಶನಿವಾರ ಹರಿಣಾಕ್ಷಿ ಒಬ್ಬಳೇ ಕೂತು ಚಕ್ಕುಲಿ ಸುಟ್ಟಳು. ಡಬ್ಬಿ ತುಂಬಿಯೂ ಉಳಿಯಿತು. ಉಳಿದದ್ದನ್ನು ಒಂದು ಪೊಟ್ಟಣ ಕಟ್ಟಿ, ಸೀರೆ ಬದಲಿಸಿ ಸ್ಟೇಷನ್ನಿಗೆ ನಡೆದಳು.

ಕರಾವೆಯ ಓಣಿಯ ತುದಿಯಲ್ಲಿ ಅವಳನ್ನು ಕಂಡದ್ದೇ ಅಪ್ಪಾಸಾಹೇಬ ಎದ್ದು ನಿಂತ. ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವನ ಮಡಿಲಿನಿಂದ ಸಿಪ್ಪೆಯೆಲ್ಲ ನೆಲಕ್ಕೆ ಬಿತ್ತು. ಅವನ ಮುಖದಲ್ಲಿ ಸಂತೋಷವಿರಲಿಲ್ಲ.

"ನಾ ಏನೂ ಮಾಡಿಲ್ರಿ ಬಾಯಾರ," ಎಂದ. "ಕೇಳ್ರಿ ಬೇಕಾರ ಚಂದ್ರಬಾಯಿನ. ರೂಮ್ ಬಿಡಸಾಕ ಬಂದೀರೇನು?"

"ಇಲ್ಲ, ಇಲ್ಲ. ಸುಮ್ನೆ ಬಂದೆ."

"ಸುಮ್ನ ಅಂದ್ರ?"

ಅವಳು ಚಕ್ಕುಲಿಯ ಪೊಟ್ಟಣ ಮುಂದೆ ಹಿಡಿದಳು. ಅವನು ಎರಡೂ ಕೈಯಿಂದ ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಒಂದು ಸುತ್ತು ತಿರುಗಿ ಮಂಚದ ಮೇಲೆ ಇಟ್ಟ. ಆಮೇಲೆ ಚಂದ್ರಬಾಯಿಯ ಮನೆಗೆ ಹೋಗಿ ಇನ್ನೊಂದು ಕಪ್ಪು ಕೇಳಿ ತಂದ. ಚಹಾ ಕುದಿಯುವತನಕ ನಳ ಚೆನ್ನಾಗಿದೆ, ದೀಪ ಚೆನ್ನಾಗಿದೆ, ಪಕ್ಕದವನೊಡನೆ ಮಾತುಕತೆ ಆಗಿದೆ ಎಂದು ಒಂದೊಂದಾಗಿ ವರದಿ ಒಪ್ಪಿಸಿದ. ಅವಳು ಕೇಳಿರಲಿಲ್ಲ. ವರದಿ ಮುಗಿದ ಮೇಲೆ ಚಕ್ಕುಲಿ ಮುರಿಯುವ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು.

"ನಿಮ್ಮ ಹೆಂಡ್ತಿ ಹೆಸರು ಎಂತ?" ಎಂದು ಹರಿಣಾಕ್ಷಿ ಕೇಳಿದಳು. ಎರಡು ವರ್ಷದ ಭೇಟಿಗಳಲ್ಲಿ ಅದನ್ನು ಕೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳಲ್ಲಿ ಅದು ಇರಲೇ ಇಲ್ಲ.

ಅವನು ಕಪ್ಪನ್ನು ಕೆಳಗಿಟ್ಟ. ಅವಳು ಕೇಳಬಾರದಿತ್ತೇನೋ ಎಂದುಕೊಳ್ಳುತ್ತಿರುವಾಗ, "ಮರಗಮ್ಮ," ಎಂದ. ಇನ್ನೊಂದು ಸಲ, ತನಗೇ ಎಂಬಂತೆ, "ಮರಗಮ್ಮ ಅಂತ್ರಿ." ಈ ಊರಿಗೆ ಬಂದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಎಂದ.

ಸಂಜೆ ಅವಳನ್ನು ಕಳಿಸಲು ಸ್ಟೇಷನ್ನಿನವರೆಗೂ ಬಂದ. ಅವಳು ಬೇಡವೆಂದರೂ ಪ್ಲಾಟ್‌ಫಾರ್ಮ್ ಟಿಕೆಟು ತೆಗೆದುಕೊಂಡ. ಹಬ್ಬದ ಗದ್ದಲ, ಎಲ್ಲರ ಕೈಯಲ್ಲೂ ಚೀಲ. ಠಾಣೆಯ ರೈಲು ಬಂದಾಗ ಗುಂಪು ಹರಿಣಾಕ್ಷಿಯನ್ನು ಎತ್ತಿಕೊಂಡ ಹಾಗೆ ಹೆಂಗಸರ ಡಬ್ಬಿಯೊಳಗೆ ನೂಕಿತು. ಮತ್ತೆ ಬರುತ್ತೇನೆಂದು ಹೇಳಲು ತಿರುಗುವಷ್ಟರಲ್ಲಿ ಬಾಗಿಲು ಹೆಗಲುಗಳಿಂದ ಮುಚ್ಚಿಹೋಗಿತ್ತು. ಯಾರದೋ ಚೀಲದ ಪಕ್ಕದ ಸಂದಿನಿಂದ ಅವನು ಕಂಡ. ಅವಳು ಯಾವ ಕಿಟಕಿಯಲ್ಲಿದ್ದಾಳೆಂದು ಅವನಿಗೆ ತಿಳಿದಿರಲಿಲ್ಲ. ರೈಲು ಹೊರಟಿತು. ಅಪ್ಪಾಸಾಹೇಬ ಕೈಯೆತ್ತಿ ನಿಂತು, ಮುಂದೆ ಹಾದುಹೋಗುವ ಡಬ್ಬಿಗಳಿಗೆಲ್ಲ, ಒಂದನ್ನೂ ಬಿಡದೆ, ಬೀಸುತ್ತಿದ್ದ.