ಹನ್ನೆರಡನೆಯ ಬಾಕ್ಸು

ದುಃಖಕ್ಕೆ ಬಂದ ನೆಂಟರೆಲ್ಲ ಹಿಂದಿನ ದಿನವೇ ಬಸ್ಸು ಹತ್ತಿದ್ದರು. ಬಸವಕಲ್ಯಾಣದ ಆ ಮನೆಯಲ್ಲಿ ಅಂದು ಮಾಮೂಲಿನ ಬೆಳಗಾಯಿತು. "ನಳ ಬಂದಾವ ನೋಡವ್ವಾ," ಎಂದಳು ಅತ್ತೆ ಚಂದಮ್ಮ. ಮಗ ಸಂಘರತ್ನ ತೀರಿಕೊಂಡ ಮೇಲೆ ಆಕೆ ಆಡಿದ ಮೊದಲ ಮನೆಗೆಲಸದ ಮಾತು ಅದು. ಸೊಸೆ ಪ್ರಣಿತಾ ನಳದ ಕೆಳಗೆ ಕೊಡ ಇಡುವಷ್ಟರಲ್ಲಿ ಫೋನು ಬಂತು.

ಮಾಡಿದವನು ಸೈಫುದ್ದೀನ್. ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಗಂಡನ ಪಾಲುದಾರ.

"ಭಾಭಿ, ಮಾಫ್ ಮಾಡ್ರಿ. ಮಕ್ಕಳ ಕೆಮ್ಮಿನ ಔಷಧದಾಗ ವಿಷ ಸೇರ್ಯಾದಂತ. ನಾಕನೂರಾ ಹದಿನೇಳರ ಬ್ಯಾಚು. ನಮ್ಮಿಂದ ಹನ್ನೆರಡು ಬಾಕ್ಸ್ ಹೋಗ್ಯಾವ. ಯಾವ್ಯಾವ ಅಂಗಡಿಗಿ ಅಂತ ಮಧ್ಯಾಹ್ನದೊಳಗ ಕಂಪನಿಗಿ ರಿಪೋರ್ಟ್ ಕೊಡಬೇಕ್ರಿ. ಸಂಘರತ್ನನ ಶೀಟು ನಿಮಗಷ್ಟೇ ತಿಳೀತದ."

ಸಂಘರತ್ನನ ಎಕ್ಸೆಲ್ ಶೀಟು ಅವಳ ಫೋನಿನಲ್ಲೇ ಇತ್ತು. ದಿನಾಂಕ, ಅಂಗಡಿ, ಔಷಧ, ಬ್ಯಾಚು: ನಾಲ್ಕು ವರ್ಷದ ವ್ಯಾಪಾರ. ನಾನೂರ ಹದಿನೇಳರ ಬ್ಯಾಚು ಹುಡುಕಿದಳು. ಮೊದಲ ಸಾಲಿನಲ್ಲೇ ಹುಲಸೂರಿನ ದನದ ಔಷಧಿ ಅಂಗಡಿ ಸಿಕ್ಕಿತು.

ದನದ ಅಂಗಡಿಗೆ ಮಕ್ಕಳ ಔಷಧ ಯಾಕೆ ಹೋಗುತ್ತದೆ?

ಮೇಲೆ ಕೆಳಗೆ ನೋಡಿದಳು. ಅಂಗಡಿಗಳ ಹೆಸರು ಅ ಆ ಇ ಈ ಕ್ರಮದಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಗಂಡ ಬೀದರಿನ ಆಸ್ಪತ್ರೆಯಲ್ಲಿದ್ದಾಗ, ಯಾವುದೋ ಅಂಗಡಿಯ ವಿವರ ಬೇಕೆಂದು ಸೈಫುದ್ದೀನ್ ಕೇಳಿದ್ದ. ಐಸಿಯು ಬಾಗಿಲಲ್ಲಿ ನಿಂತೇ ಅವಳು ಹೆಸರುಗಳನ್ನು ಅಕ್ಷರಕ್ರಮಕ್ಕೆ ಜೋಡಿಸಿದ್ದಳು. ಹೆಸರಿನ ಕಾಲಮ್ಮೊಂದೇ ಸರಿದಿತ್ತು. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಒಬ್ಬರ ಔಷಧ ಇನ್ನೊಬ್ಬರ ಹೆಸರಿಗೆ ಬಿದ್ದಿತ್ತು, ನಾಲ್ಕೂ ವರ್ಷದ್ದು.

ಅಂಗಡಿಗೆ ಹೋಗಿ ಅದನ್ನೇ ಹೇಳಿದಳು. "ನನ್ನ ಕೈಲೇ ಆಗ್ಯಾದ, ಭಾಯಿ. ಬಿಲ್ಲು ನೋಡಿ ಡೇಟಾಬೇಸ್ ಕಟ್ತೀನಿ."

ಸೈಫುದ್ದೀನ್ ಕುರ್ಚಿಯಲ್ಲಿ ಕುಸಿದ. "ಈಗ ಇದನ್ನೇ ಕಳಿಸೋಣ್ರಿ. ಸುಳ್ಳೋ ಖರೇನೋ, ಟೈಮಿಗಿ ಹೋಗ್ಲಿ. ಡೇಟಾಬೇಸು ಗೀಟಾಬೇಸು ಆಮ್ಯಾಲ ಮಾಡ್ರಿ."

"ಇದನ್ನ ಕಳಿಸಿದ್ರ ಅವ್ರು ದನದ ಅಂಗಡಿಗಿ ಹೋಗಿ ಹುಡುಕ್ತಾರ. ಕೂಸಿನ ಮನ್ಯಾಗ ಔಷಧ ಹಂಗೇ ಇರ್ತದ."

ಕಲಬುರಗಿಯಲ್ಲಿ ಎಂಸಿಎ ಓದಿದವಳು ಅವಳು. ಮದುವೆಯಾದ ಹೊಸತರಲ್ಲೇ ಡೇಟಾಬೇಸ್ ಮಾಡೋಣವೆಂದಿದ್ದಳು. "ಎಂಬತ್ತು ಅಂಗಡಿಗಿ ಡೇಟಾಬೇಸಾ? ಗುಬ್ಬಿ ಹೊಡ್ಯಾಕ ಕ್ವಾಟಿ ಮ್ಯಾಲಿನ ತೋಪ ತರ್ತೀ ಏನ?" ಎಂದು ಗಂಡ ನಕ್ಕಿದ್ದ. ಅವಳೂ ನಕ್ಕು ಬಿಟ್ಟಿದ್ದಳು.

ಈಗ ಬಿಲ್ಲಿನ ಕಟ್ಟು ಬಿಚ್ಚಿದರು. ಸೈಫುದ್ದೀನ್ ಓದಿದ, ಅವಳು ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು. ಅಂಗಡಿಗೊಂದು ನಂಬರು, ಬಿಲ್ಲಿಗೊಂದು ನಂಬರು. ಎರಡನ್ನೂ ಒಂದಕ್ಕೊಂದು ಕಟ್ಟಿದಳು, ಯಾರ ಬೆರಳು ಜಾರಿದರೂ ಬಿಚ್ಚದ ಹಾಗೆ. ಒಂದೇ ಬಿಲ್ಲು ಎರಡು ಸಲ ಬಂದರೆ ಡೇಟಾಬೇಸು ಒಲ್ಲೆ ಎನ್ನುತ್ತಿತ್ತು. ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು. ಕಂಪನಿಯ ಫೋನನ್ನು ಸೈಫುದ್ದೀನ್ ಎತ್ತಲಿಲ್ಲ. ಈ ಹೊತ್ತಿಗೆ ಯಾವ ತಾಯಿ ಚಮಚ ತೊಳೆಯುತ್ತಿರಬಹುದು ಎಂಬುದೊಂದೇ ಪ್ರಣಿತಾಳ ತಲೆಯಲ್ಲಿತ್ತು.

ಎರಡಕ್ಕೆ ಉತ್ತರ ಬಂತು. ನಾಲ್ಕು ಅಂಗಡಿ, ಹನ್ನೆರಡು ಬಾಕ್ಸು. ರಿಪೋರ್ಟು ಕಳಿಸಿ, ಒಂದೊಂದಕ್ಕೂ ಫೋನು ಮಾಡಿದರು. ಹನ್ನೊಂದು ಸಿಕ್ಕವು, ಸೀಲು ಒಡೆದಿರಲಿಲ್ಲ. ಒಂದು ಕಡಿಮೆ ಬಿದ್ದದ್ದು ಕೊನೆಯ ಅಂಗಡಿಯಲ್ಲಿ. ಅದು ಹುಮನಾಬಾದಿನ ಮಾಣಿಕನಗರದ ಕಸ್ತೂರಿಬಾಯಿಯದು.

"ನನ್ನ ಹಂತ್ಯಾಕ ಎರಡೇ ಅವ ನೋಡವ್ವಾ."

"ಬಿಲ್ಲಿನ್ಯಾಗ ಮೂರು ಅದಾವ್ರಿ, ಮಾವಶಿ."

"ಒಂದು ನಿನ್ನ ಗಂಡನೇ ಕೈಗಡ ಒಯ್ದಾನಲ್ಲ. ಮುಡಬಿ ನಬೀಸಾಬ್‌ಗ ಬೇಕಾಗ್ಯಾದ, ನಾಳಿಗಿ ತಂದು ಕೊಡ್ತೀನಿ ಅಂದ."

ಈ ಕಡೆಯ ಔಷಧಿ ಅಂಗಡಿಗಳಲ್ಲಿ ಹಾಗೇ. ಒಬ್ಬರಲ್ಲಿ ಮುಗಿದರೆ ಇನ್ನೊಬ್ಬರಿಂದ ಕೈಗಡ. ಬಿಲ್ಲಿಲ್ಲ, ಚೀಟಿಯಿಲ್ಲ, ಬಾಯಿಮಾತು. ಶೀಟಿಗೂ ಅದು ಗೊತ್ತಿರಲಿಲ್ಲ, ಈಗಷ್ಟೇ ಕಟ್ಟಿದ ಡೇಟಾಬೇಸಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಬೂದಿಯಾಗಿದ್ದ.

ನಬೀಸಾಬನ ಫೋನು ಹತ್ತಲಿಲ್ಲ. ಇಬ್ಬರೂ ಆಟೋ ಮಾಡಿಕೊಂಡು ಮುಡಬಿಗೆ ಹೊರಟರು.

ಬಾಕ್ಸು ನಬೀಸಾಬನ ಅಂಗಡಿಯ ಕಟ್ಟೆಯ ಮೇಲೆಯೇ ತೆರೆದಿತ್ತು. ಅದರಲ್ಲಿ ಒಂದು ಬಾಟಲಿ ಕಡಿಮೆ ಇತ್ತು.

"ಇವತ್ತೇ ಬಿಚ್ಚೀನ್ರಿ. ಮುಂಜಾನೆ ಮಹಜಬೀನ್ ಒಯ್ದಾಳ," ಎಂದ ನಬೀಸಾಬ್. ವಿಷಯ ಕೇಳಿದ್ದೇ ಚಪ್ಪಲಿ ಬಿಟ್ಟು ಅವಳ ಮನೆಗೆ ಓಡಿದ, ಇವರಿಬ್ಬರೂ ಹಿಂದೆ.

ಮಹಜಬೀನ್ ತವರಿಗೆ ಬಂದ ಹುಡುಗಿ, ಸೊಂಟದಲ್ಲಿ ಎರಡು ವರ್ಷದ ಗಂಡುಕೂಸು. "ಎರಡು ಸಲ ಹಾಕೀನ್ರಿ," ಎಂದಳು. ಎಲ್ಲರ ಮುಖ ನೋಡಿ ಕೂಸನ್ನು ಎದೆಗವಚಿಕೊಂಡಳು. "ಯಾಕ್ರಿ? ಯಾಕ?"

ಅದೇ ಆಟೋದಲ್ಲಿ ಬಸವಕಲ್ಯಾಣದ ಆಸ್ಪತ್ರೆಗೆ ತಂದರು. ಡಾಕ್ಟರು ರಕ್ತ ತೆಗೆದರು. ಆ ವಿಷ ಮೊದಲು ಕಿಡ್ನಿಗೆ ಬಡಿಯುತ್ತದೆಂದು ಮತ್ತೆ ಮತ್ತೆ ಒಂದನ್ನೇ ಕೇಳಿದರು: ಕೂಸು ಉಚ್ಚೆ ಹೊಯ್ದಿತೇ? ಮುಂಜಾನೆಯಿಂದ ಹೊಯ್ದಿರಲಿಲ್ಲ.

ಪ್ರಣಿತಾ ಹೊರಗೆ ಬೆಂಚಿನ ಮೇಲೆ ಕುಳಿತಳು. ಹತ್ತು ದಿನದ ಹಿಂದೆ ಇಂಥದೇ ಬೆಂಚು. ಅಳು ಆಗಲೂ ಬಂದಿರಲಿಲ್ಲ, ಈಗಲೂ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಹಜಬೀನ್ ಹೊರಗೆ ಬಂದಳು. ಎದೆಯಿಂದ ಕೆಳಗೆ ಓಢಣಿಯೆಲ್ಲ ತೊಯ್ದಿತ್ತು.

"ಹೊಯ್ದನ್ರಿ, ಅಕ್ಕಾ! ನನ್ನ ಮ್ಯಾಲೇ ಹೊಯ್ದ!"

ಡಾಕ್ಟರು ಕೂಸನ್ನು ಮೂರು ದಿನ ಇಟ್ಟುಕೊಂಡು ಮನೆಗೆ ಬಿಟ್ಟರು.

ನಾಲ್ಕನೆಯ ದಿನ ಪ್ರಣಿತಾ ಡೇಟಾಬೇಸಿನಲ್ಲಿ ಕೈಗಡಕ್ಕೆಂದೇ ಒಂದು ಪಟ್ಟಿ ಮಾಡಿದಳು. ಯಾರಿಂದ, ಯಾರಿಗೆ, ಯಾವ ಬ್ಯಾಚು, ಮರಳಿ ಬಂದಿತೋ ಇಲ್ಲವೋ. ಮೊದಲ ಸಾಲಿಗೆ ಸಂಘರತ್ನನ ಹೆಸರು ಬರೆದಳು. "ಬಂದಿತೋ" ಎಂಬಲ್ಲಿ ಖಾಲಿ ಬಿಟ್ಟಳು. ಆಮೇಲೆ ಬೇರೆ ಕಂಪನಿಯ ಕೆಮ್ಮಿನ ಔಷಧದ ಒಂದು ಬಾಕ್ಸು ತೆಗೆದುಕೊಂಡು ಹುಮನಾಬಾದಿನ ಬಸ್ಸು ಹತ್ತಿದಳು.

ಕಸ್ತೂರಿಬಾಯಿ ಅವಳ ಬರಿಯ ಹಣೆ ನೋಡಿದಳು, ಬಾಕ್ಸು ನೋಡಿದಳು. "ನಾ ಕೇಳಿದ್ನೇನ ಹುಚ್ಚಿ? ಹೋದವನ ಹಂತ್ಯಾಕ ಯಾರು ಕೇಳ್ತಾರ?"

"ಅವ್ರು ನಾಳಿಗಿ ಕೊಡ್ತೀನಿ ಅಂದಿದ್ರಲ್ರಿ, ಮಾವಶಿ. ತಡ ಆಯ್ತು."

ಮುದುಕಿ ಕನ್ನಡಕ ಏರಿಸಿ, ಬಾಕ್ಸು ಬಿಚ್ಚಿ, ಒಂದೊಂದೇ ಬಾಟಲಿ ತಿರುವಿ ಬ್ಯಾಚಿನ ನಂಬರು ಗಟ್ಟಿಯಾಗಿ ಓದತೊಡಗಿದಳು. ಕೊನೆಯದನ್ನು ಓದುವವರೆಗೂ ಪ್ರಣಿತಾ ಕಟ್ಟೆ ಹಿಡಿದು ನಿಂತೇ ಇದ್ದಳು.